ಹಳೇ ಮಾನಿಟರ್ ಕೊನೆಗೂ ಕಣ್ಣು ಬಿಟ್ಟಿತು

ಬೆಳಗಿನಿಂದ ಆರಿಲ್ಲ! ನಮ್ಮ 17 ಇಂಚಿನ ಎಲ್‌ಸಿಡಿ ನೆಟ್ಟಗೆ ಉರಿಯುತ್ತಿದೆ.

ಇದರ ಕಾಯಿಲೆ ನಿಮಗೆಲ್ಲ ಗೊತ್ತಿರೋದೇ. ಆನ್ ಮಾಡಿದರೆ ಎರಡು ಸೆಕೆಂಡು ಚಿತ್ರ, ಆಮೇಲೆ ಕತ್ತಲು. ಟಾರ್ಚ್ ಓರೆಯಾಗಿ ಹಿಡಿದರೆ ಐಕಾನ್‌ಗಳು ಮಸುಕಾಗಿ ಕಾಣುತ್ತವೆ. ಅಂದ್ರೆ ಪ್ಯಾನೆಲ್, ಕೇಬಲ್, ಗ್ರಾಫಿಕ್ಸ್ ಎಲ್ಲ ಸರಿ, ತೊಂದರೆ ಪರದೆಗೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟಿನದು.

ಬಿಚ್ಚಿ ನೋಡಿದರೆ ಪವರ್ ಬೋರ್ಡಿನಲ್ಲಿ ಕೆಪಾಸಿಟರ್‌ಗಳ (ಕರೆಂಟನ್ನು ಕೂಡಿಟ್ಟು ಸಮ ಮಾಡಿ ಕೊಡುವ ಬಿಡಿಭಾಗ) ತಲೆ ಉಬ್ಬಿತ್ತು. ದಾವಣಗೆರೆಯ ಏಪ್ರಿಲ್ ಸೆಕೆ, ಮಹಡಿ ಮೇಲಿನ ರೂಮು, ಇನ್ನೇನಾಗುತ್ತೆ? ಶಾಖ 10 ಡಿಗ್ರಿ ಏರಿದರೆ ಇಂಥ ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಅದಕ್ಕೇ ಆನ್‌ಲೈನಿನಲ್ಲಿ 105 ಡಿಗ್ರಿ ಶಾಖ ತಡೆಯುವ, ಒಳಗಿನ ಪ್ರತಿರೋಧ ಕಮ್ಮಿಯಿರುವ (ಲೋ ಇಎಸ್‌ಆರ್) ಮಾಲು ಕೇಳಿದ್ದೆ. ಬಂದದ್ದು 85 ಡಿಗ್ರಿಯದು. ವಾಪಸ್ ಕಳಿಸಿದೆ, ಮತ್ತೆ ಅದೇ ಬಂತು. ಸಿಟ್ಟು ನೆತ್ತಿಗೇರಿತು. ಬಿಡಿಭಾಗ ಮಾರುವವರು ಕೇಳಿದ್ದನ್ನು ಓದಿಯಾದರೂ ಕಳಿಸಬೇಕು, ಅಲ್ವಾ? ಕೊನೆಗೆ ನಮ್ಮೂರಿನ ಟಿವಿ ರಿಪೇರಿ ಅಂಗಡಿ ಯಜಮಾನರು ತಮ್ಮ ಡಬ್ಬಿ ತಡಕಾಡಿ ಸರಿಯಾದದ್ದನ್ನೇ ಕೊಟ್ಟರು.

ಬೆಸುಗೆ ಹಾಕಿ ಆನ್ ಮಾಡಿದೆ. ಎರಡು ಸೆಕೆಂಡು. ಮತ್ತೆ ಕತ್ತಲು.

ಪರದಾಟ ಶುರುವಾಗಿದ್ದೇ ಇಲ್ಲಿಂದ. ಇನ್ವರ್ಟರಿಗೆ (ಮನೆಯದಲ್ಲ, ಬ್ಯಾಕ್‌ಲೈಟಿನ ಟ್ಯೂಬುಗಳಿಗೆ ಹೈ ವೋಲ್ಟೇಜ್ ಕೊಡುವ ಮಾನಿಟರ್ ಒಳಗಿನ ಸರ್ಕ್ಯೂಟು) ಬರುವ ವೋಲ್ಟೇಜ್ ಸರಿಯಿದೆ. ಮೇನ್ ಬೋರ್ಡಿನಿಂದ ಬರುವ ಬ್ಯಾಕ್‌ಲೈಟ್ ಆನ್ ಸಿಗ್ನಲ್ ಕತ್ತಲಾದ ಮೇಲೂ ಇಳಿಯುತ್ತಿಲ್ಲ. ಹಾಗಾದರೆ ಮೇನ್ ಬೋರ್ಡ್ ಆರಿಸುತ್ತಿಲ್ಲ, ಇನ್ವರ್ಟರಿನ ಪ್ರೊಟೆಕ್ಷನ್ ಸರ್ಕ್ಯೂಟೇ ಆರಿಸುತ್ತಿದೆ. ಇದರ ಬ್ಯಾಕ್‌ಲೈಟಿನಲ್ಲಿ ಸಿಸಿಎಫ್‌ಎಲ್ ಟ್ಯೂಬು (ಸಣ್ಣ ಟ್ಯೂಬ್‌ಲೈಟಿನಂಥದು) ನಾಲ್ಕು, ಮೇಲೆರಡು, ಕೆಳಗೆರಡು. ಒಂದರ ಕರೆಂಟು ಏರುಪೇರಾದರೂ ಸಾಕು, ನಾಲ್ಕನ್ನೂ ಆರಿಸಿಬಿಡುತ್ತದೆ.

ಕೆಟ್ಟಿರೋದು ಯಾವುದು? ಹೊತ್ತಿಕೊಳ್ಳುವಾಗ ಅಲ್ಲಿ 1000 ವೋಲ್ಟ್ ದಾಟುತ್ತದೆ, ಮಾಮೂಲಿ ಮಲ್ಟಿಮೀಟರ್ ಹಚ್ಚುವಂತಿಲ್ಲ. ರೂಮು ಕತ್ತಲು ಮಾಡಿ, ಪರದೆ ಪೂರ್ತಿ ಬಿಳಿ ಇಟ್ಟು, ಆ ಎರಡು ಸೆಕೆಂಡನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದೆ. ನಿಧಾನಕ್ಕೆ ಓಡಿಸಿದಾಗ ಸಿಕ್ಕಿತು: ಮೇಲಂಚು ಅಚ್ಚ ಬಿಳಿ, ಕೆಳ ಅಂಚಿನಲ್ಲಿ ನಸುಗೆಂಪು! ಮುದಿಯಾದ ಟ್ಯೂಬಿನ ಬಣ್ಣ ಅದು. ಕೆಳಗಿನ ಜೋಡಿ ಹೊರಗೆಳೆದೆ. ಒಂದರ ತುದಿಗಳೆರಡೂ ಸುಟ್ಟು ಕಂದು ಬಣ್ಣಕ್ಕೆ ತಿರುಗಿದ್ದವು. ಬಾಲ್‌ಪೆನ್ ರೀಫಿಲ್ಲಿನಷ್ಟು ಸಪೂರ, ಒಳಗೆ ಪಾದರಸ ಬೇರೆ. ಉಸಿರು ಬಿಗಿಹಿಡಿದೇ ತೆಗೆದೆ.

ಅದೇ ಯಜಮಾನರ ಅಂಗಡಿಯ ಮೂಲೆಯಲ್ಲಿ ಪರದೆ ಒಡೆದ 17 ಇಂಚಿನದೊಂದು ಬಿದ್ದಿತ್ತು. ಅದರ ಟ್ಯೂಬ್ ಜೋಡಿ ತಂದು ಕೂರಿಸಿದೆ. ಹೊತ್ತಿತು, ಆರಲೇ ಇಲ್ಲ. ಮನೆಯವರನ್ನೆಲ್ಲ ಕೂಗಿ ಕರೆದು ತೋರಿಸಿದೆ.

ಆದರೂ ಈ ಟ್ಯೂಬುಗಳ ಸಹವಾಸ ಇನ್ನು ಸಾಕು. ಅಟ್ಟದ ಮೇಲಿರುವ 19 ಇಂಚಿನದಕ್ಕೆ ಎಲ್‌ಇಡಿ ಪಟ್ಟಿಯನ್ನೇ ಹಾಕುತ್ತೇನೆ. ಆನ್ ಮತ್ತು ಡಿಮ್ (ಬೆಳಕು ಹೆಚ್ಚುಕಮ್ಮಿ ಮಾಡುವ) ಸಿಗ್ನಲ್ಲನ್ನು ಹಳೇ ಇನ್ವರ್ಟರಿನ ಕನೆಕ್ಟರಿನಿಂದಲೇ ಎಳೆದುಕೊಂಡರಾಯಿತು. ಟ್ಯೂಬು ಕೂರುವ ಚಡಿಯ ಅಗಲ ಅಳೆದಿಟ್ಟಿದ್ದೇನೆ, ಪಟ್ಟಿ ಸುಮ್ನೆ ಅಂದಾಜಿನ ಮೇಲೆ ತರಿಸಲ್ಲ. ಯಾರಾದರೂ ಈ ಕೆಲಸ ಮಾಡಿದ್ದರೆ ಹೇಳಿ: ಪರದೆಯ ನಡುವೆ ಬೆಳಕು ಕುಗ್ಗುತ್ತಾ?