ಮುಂಬೈಯ ಹವಾಮಾನ ಯೋಜನೆಗೆ ಮತದಾರರು ಬೇಕು

ಮುಂಬೈ ಪಾಲಿಕೆ ತನ್ನ ಹವಾಮಾನ ಕ್ರಿಯಾ ಯೋಜನೆಯನ್ನು ಹೊರತಂದದ್ದು 2022ರ ಮಾರ್ಚ್ 13ರಂದು. ದೇಶದ ಗುರಿ 2070 ಆದರೆ ಈ ನಗರದ್ದು 2050: ಅಷ್ಟರೊಳಗೆ ನಿವ್ವಳ ಇಂಗಾಲ, ಅಂದರೆ ಉಗುಳಿದ್ದರಲ್ಲಿ ಹೀರಿಕೊಂಡದ್ದನ್ನು ಕಳೆದು ಉಳಿಯುವುದು, ಸೊನ್ನೆಗೆ ಇಳಿಯಬೇಕು. ಹಾಗೆ ಘೋಷಿಸುವುದಕ್ಕೆ ವಾರದ ಹಿಂದಷ್ಟೇ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದಿತ್ತು. ಮತ್ತೆ ಮತದಾನವಾದದ್ದು 2026ರ ಜನವರಿಯಲ್ಲಿ. ಅಲ್ಲಿಯವರೆಗೆ 227 ವಾರ್ಡುಗಳಿಗೂ ನಗರಸೇವಕರಿಲ್ಲ, ಆಡಳಿತಾಧಿಕಾರಿಯದೇ ಕಾರುಬಾರು. ಆ ಯೋಜನೆ ಎಲ್ಲಿಗೆ ಬಂತು ಎಂದು ಯಾರನ್ನು ಹಿಡಿದು ಕೇಳುವುದು?

ನಾವಿರುವುದು ಮಾಟುಂಗಾದಲ್ಲಿ, ಕನ್ನಡದವರು ತಲೆಮಾರುಗಳಿಂದ ನೆಲೆಸಿದ ಜಾಗ. ಪಕ್ಕದ ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್‌ನಲ್ಲಿ ಮಳೆಗಾಲದ ತಯಾರಿ ಎಂದರೆ ಬಟ್ಟೆ ಗಂಟುಗಳನ್ನು ಮೇಲಿನ ಕಪಾಟಿಗೆ ಏರಿಸುವುದು. ಜೋರು ಮಳೆಯೂ ಸಮುದ್ರದ ಭರತವೂ ಒಂದೇ ಹೊತ್ತಿಗೆ ಬಂದರೆ ಚರಂಡಿಯ ನೀರಿಗೆ ಹೋಗಲು ದಾರಿಯಿಲ್ಲ. ಹಳೆಯ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ. 2005ರ ಜುಲೈ 26ರಂದು ಒಂದೇ ದಿನ 944 ಮಿ.ಮೀ. ಸುರಿದ ಮೇಲೆ ಆ ಲೆಕ್ಕವನ್ನು 50ಕ್ಕೆ ಏರಿಸಲು ಹೊರಟರು. ಆದರೆ ನಮ್ಮ ಭಾಗದ ನೀರನ್ನು ಎತ್ತಿ ಹೊರಹಾಕಬೇಕಾದ ಮಾಹುಲ್ ಪಂಪಿಂಗ್ ಸ್ಟೇಷನ್ ಜಾಗದ ತಕರಾರಿನಲ್ಲೇ ವರ್ಷಗಟ್ಟಲೆ ಸಿಕ್ಕಿಕೊಂಡಿತು.

ಈ ಸಲದ ಪ್ರಚಾರದಲ್ಲಿ ನಮ್ಮ ಸೊಸೈಟಿಗೂ ಅಭ್ಯರ್ಥಿಯೊಬ್ಬರು ಬಂದಿದ್ದರು. ಕೆಳಮಹಡಿಯ ಅಕ್ಕ ಅವರನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಗೋಡೆಯ ಮೇಲೆ ನೀರು ನಿಂತ ಗುರುತು ತೋರಿಸಿದರು. "ಮಾವಶಿ, ನಾಲಾ ಸಫಾಯಿ ಮೇ ತಿಂಗಳಲ್ಲೇ ಮುಗಿಸ್ತೀನಿ" ಎಂದರು ಅವರು. ಉಳಿದವರು ಕೇಳಿದ್ದು ಪಾರ್ಕಿಂಗ್, ಪೇವರ್ ಬ್ಲಾಕ್, ಕಿಟಕಿಗೆ ಅಡ್ಡ ಬಂದ ಕೊಂಬೆ. ಬಸ್ಸು ಹೆಚ್ಚಿಸಿ ಎಂದವರಿಲ್ಲ. ನಮ್ಮ ಛಾವಣಿಗೆ ಸೋಲಾರ್ ಹಾಕಲು ಪಾಲಿಕೆ ಏನು ಕೊಡುತ್ತದೆ ಎಂದು ನಾನು ಕೇಳಿದೆ. ಬರೆದುಕೊಳ್ಳಲು ಜೊತೆಗಿದ್ದ ಹುಡುಗನಿಗೆ ಹೇಳಿದರು, ಅಷ್ಟೇ.

ಇದರಲ್ಲಿ ಅಭ್ಯರ್ಥಿಯನ್ನು ದೂರುವುದಕ್ಕಿಂತ ನಮ್ಮನ್ನು ನಾವು ನೋಡಿಕೊಳ್ಳಬೇಕು ಅನ್ನಿಸುತ್ತದೆ. ಹೂಳೆತ್ತುವುದು ಬೇಕು, ಖಂಡಿತ ಬೇಕು. ಆದರೆ ನಾವು ಹೂಳನ್ನಷ್ಟೇ ಕೇಳಿದರೆ ಬಜೆಟ್ಟೂ ಅಲ್ಲಿಗೇ ನಿಲ್ಲುತ್ತದೆ. ಈ ನಗರ ಉಗುಳುವ ಇಂಗಾಲದ ದೊಡ್ಡ ಪಾಲು ಕಟ್ಟಡಗಳ ವಿದ್ಯುತ್ತಿನಿಂದ, ಆಮೇಲೆ ವಾಹನಗಳಿಂದ. ಅದರ ಮಾತೇ ಮತದ ಹೊತ್ತಿಗೆ ಬರುವುದಿಲ್ಲ.

ಪಟ್ಟು ಹಿಡಿದರೆ ಸರ್ಕಾರ ಅಲುಗುತ್ತದೆ ಎಂಬುದನ್ನು ಮುಂಬೈಯೊಳಗಿನ ಕಾಡುಪ್ರದೇಶ ಆರೆಯಲ್ಲಿ ಕಂಡಿದ್ದೇವೆ. 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ರೈಲುಗಳನ್ನು ನಿಲ್ಲಿಸುವ ಕಾರ್ ಶೆಡ್‌ಗಾಗಿ ರಾತ್ರೋರಾತ್ರಿ ಮರ ಕಡಿದಾಗ ಜನ ಬೀದಿಗಿಳಿದರು. ಹೊಸ ಸರ್ಕಾರ ಕೆಲಸ ನಿಲ್ಲಿಸಿತು, ಮರುವರ್ಷ ಶೆಡ್ಡನ್ನು ಕಾಂಜೂರ್‌ಮಾರ್ಗಕ್ಕೆ ಒಯ್ಯಲು ತೀರ್ಮಾನಿಸಿತು. 2022ರಲ್ಲಿ ಸರ್ಕಾರ ಬದಲಾಗಿ ಅದು ಆರೆಗೇ ಮರಳಿತು. ಅಷ್ಟು ಹೊತ್ತಿಗೆ ಜನರ ಕಾವು ಇಳಿದಿತ್ತು ಎಂಬ ನೋವು ನನಗೆ ಇನ್ನೂ ಇದೆ.

ಬೆಂಗಳೂರಿನ ಗೆಳೆಯರೇ, ನಿಮ್ಮಲ್ಲೂ ಇದೇ ಕತೆ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಹವಾಮಾನ ಯೋಜನೆ ಬಂದದ್ದು 2023ರಲ್ಲಿ. ಮತ ಕೇಳಲು ಬಂದವರಿಗೆ ರಾಜಕಾಲುವೆಯ ಹೂಳಿನ ಜೊತೆಗೆ ಇದನ್ನೂ ಕೇಳಿ: ಆ ಯೋಜನೆಯಲ್ಲಿ ನಮ್ಮ ವಾರ್ಡಿಗೆ ಏನಿದೆ, ಈ ವರ್ಷ ಅದಕ್ಕೆ ಎಷ್ಟು ಹಣ ಇಡುತ್ತೀರಿ?