ಅಪ್ಪನ ಲೆಕ್ಕದ ಪುಸ್ತಕ

“ಇಬ್ಬರೂ ದುಡಿಯುತ್ತೀರಿ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ನಿಲ್ಲುವುದಿಲ್ಲ ಎನ್ನುತ್ತೀಯಲ್ಲ, ಅದು ಹೇಗಮ್ಮ?” ಎಂದು ಹೋದ ವಾರ ಅಪ್ಪ ಕೇಳಿದರು. ಚುಚ್ಚುವುದಕ್ಕಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದರು. ಬಾಯಿಮಾತಿನಲ್ಲಿ ಹೇಳಿ ತಿಳಿಸಲು ನನ್ನಿಂದ ಆಗಲಿಲ್ಲ. ಅವರ ಹಳೆಯ ಲೆಕ್ಕದ ಪುಸ್ತಕವನ್ನೇ ಕೇಳಿ ಪಡೆದೆ.

ರಟ್ಟು ಸವೆದ ಪುಸ್ತಕ. ಒಂದೇ ಪುಟದಲ್ಲಿ ‘ಕೈಗಡ’ ಎಂಬ ಪದ ಮೂರು ಬಾರಿ ಇದೆ. ಒಂದು ಕಡೆ ‘ಚಪ್ಪಲಿ’ ಎಂದು ಬರೆದು, ಹೊಡೆದುಹಾಕಿ, ಮುಂದಿನ ತಿಂಗಳಿಗೆ ದಾಟಿಸಿದ್ದಾರೆ. ಅಲ್ಲಿಯೂ ಹೊಡೆದುಹಾಕಿದ್ದಾರೆ. ಅದನ್ನು ನೋಡಿದ ಮೇಲೆ ‘ನಿಮ್ಮ ಕಾಲ ಸುಖವಾಗಿತ್ತು’ ಎಂಬ ಮಾತು ನನ್ನ ಬಾಯಿಂದ ಬರಲಾರದು. ಅವರ ಬಡತನ ನಮ್ಮದಕ್ಕಿಂತ ಕಠಿಣವಾಗಿತ್ತು.

ಆದರೆ ಅಪ್ಪ ಕೊಂಡ ಮನೆಯ ಬೆಲೆ ಅವರೊಬ್ಬರ ಮೂರು ವರ್ಷದ ಸಂಬಳ. ನಾವು ತೆಗೆದ ಸಾಲವೇ ನಮ್ಮಿಬ್ಬರ ಐದು ವರ್ಷದ ಸಂಬಳ. ಬಡ್ಡಿ ಶೇ 8.5, ಅವಧಿ 20 ವರ್ಷ. ಮೊದಲ ಕಂತಿನಲ್ಲಿ ನೂರಕ್ಕೆ 81ಕ್ಕಿಂತ ಹೆಚ್ಚು ಪಾಲು ಬಡ್ಡಿಗೇ ಹೋಯಿತು. ಎಲ್ಲ ಮುಗಿಯುವ ಹೊತ್ತಿಗೆ ತಂದದ್ದರ ಎರಡರಷ್ಟಕ್ಕೂ ಮಿಕ್ಕಿ ಕಟ್ಟಿರುತ್ತೇವೆ. ತಿಂಗಳ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯುತ್ತದೆ.

ಅಪ್ಪ ನನ್ನ ಮೊಬೈಲಿನತ್ತ ನೋಡಿದರು. ಅದು ಸಹಜ. ಅವರ ಕಾಲದಲ್ಲಿ ಫೋನು, ಟಿವಿ ಕನಸು; ಇಂದು ಮನೆಮನೆಯಲ್ಲೂ ಇವೆ. ಯಂತ್ರ ತಯಾರಿಸುವ ವಸ್ತು ಅಗ್ಗವಾಗುತ್ತ ಹೋಗುತ್ತದೆ, ಮನುಷ್ಯರ ಸಮಯವೇ ಬೇಕಾದ ಕೆಲಸ ದುಬಾರಿಯಾಗುತ್ತ ಹೋಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೋಲ್ 1960ರ ದಶಕದಲ್ಲೇ ವಿವರಿಸಿದ್ದರು. ಪಾಠ ಹೇಳುವುದು, ರೋಗಿಯನ್ನು ನೋಡಿಕೊಳ್ಳುವುದು, ಮಗುವನ್ನು ಸಾಕುವುದು, ಇವೆಲ್ಲ ಎರಡನೆಯ ಬಗೆಯವು. ಫೋನನ್ನು ಒಂದು ವರ್ಷ ಮುಂದೂಡಬಹುದು. ಮಗುವಿನ ಶುಲ್ಕವನ್ನು ಮುಂದೂಡಲಾಗದು.

ಮಗುವಿನ ಮಾತು ಬಂದಾಗ ಪುಸ್ತಕವನ್ನು ಮತ್ತೊಮ್ಮೆ ತಿರುವಿದೆ. ಅಮ್ಮನ ಹೆಸರು ಎಲ್ಲೂ ಇಲ್ಲ. ನಮ್ಮನ್ನು ಸಾಕಿದ್ದು, ಅಜ್ಜಿಯ ಆರೈಕೆ ಮಾಡಿದ್ದು, ಹರಿದ ಅಂಗಿಯನ್ನು ಮತ್ತೆ ಮತ್ತೆ ಹೊಲಿದದ್ದು ಯಾವ ಕಲಮಿನಲ್ಲೂ ಬಂದಿಲ್ಲ. ಒಂದು ಸಂಬಳದಲ್ಲಿ ಸಂಸಾರ ನಡೆಯಿತು ಎಂದು ಎಲ್ಲರೂ ಹೇಳುತ್ತಾರೆ. ನಡೆಸಿದ್ದು ಎರಡು ಜೀವಗಳ ದುಡಿಮೆ. ಇಂದು ನಾನು ಹೊರಗೆ ದುಡಿಯುತ್ತೇನೆ, ಅಮ್ಮ ಮಾಡುತ್ತಿದ್ದ ಕೆಲಸದ ಒಂದಿಷ್ಟಕ್ಕೆ ನನ್ನ ಸಂಬಳದಿಂದಲೇ ಕೂಲಿ ಕೊಡುತ್ತೇನೆ. ಈ ಮಾತನ್ನು ನಾನು ಅಮ್ಮನಿಗೆ ಇಷ್ಟು ವರ್ಷ ಹೇಳಿರಲಿಲ್ಲ ಎಂಬುದು ನನ್ನನ್ನು ಕಾಡುತ್ತಿದೆ.

ಇದು ನನ್ನೊಬ್ಬಳ ಅಳಲೂ ಅಲ್ಲ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಬೆಲೆಯೇರಿಕೆಯನ್ನು ಕಳೆದು ಲೆಕ್ಕ ಹಾಕಿದ್ದಾರೆ. 1940ರಲ್ಲಿ ಹುಟ್ಟಿದವರಲ್ಲಿ ಶೇ 90ರಷ್ಟು ಮಂದಿ, ಸುಮಾರು 30ರ ವಯಸ್ಸಿನಲ್ಲಿ, ತಂದೆತಾಯಿ ಆ ಪ್ರಾಯದಲ್ಲಿ ಗಳಿಸಿದ್ದಕ್ಕಿಂತ ಹೆಚ್ಚು ಗಳಿಸುತ್ತಿದ್ದರು. 1980ರ ದಶಕದಲ್ಲಿ ಹುಟ್ಟಿದವರಲ್ಲಿ ಅಂಥವರು ಅರ್ಧದಷ್ಟು ಮಾತ್ರ.

ಅಪ್ಪ ಇದನ್ನೆಲ್ಲ ಸುಮ್ಮನೆ ಕೇಳಿದರು. “ಕೊನೆಯ ಕಂತು ಯಾವಾಗ?” ಎಂದರು.

“ನನಗೆ 58 ತುಂಬಿದಾಗ.”

ಅವರು ಸಾಲ ತೀರಿಸಿದಾಗ ಅವರಿಗೆ 43. ನಿವೃತ್ತರಾದದ್ದು 58ಕ್ಕೆ, ಪಿಂಚಣಿಯೊಂದಿಗೆ. ನನಗೆ ಪಿಂಚಣಿಯಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡರು, ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ನನ್ನ ಕಂತನ್ನು ಪೆನ್ಸಿಲಿನಿಂದ ಬರೆದು ಗುಣಿಸಿದರು. ಎಲ್ಲೋ ತಪ್ಪಿದೆ ಎಂದುಕೊಂಡು ಇನ್ನೊಮ್ಮೆ ಗುಣಿಸಿದರು.