ಗೇಟಿನ ಮೇಲಿನ ಗೀಟು

ತುಮಕೂರಿನ ಶೆಟ್ಟಿಹಳ್ಳಿ ಕಡೆ ನಮ್ಮ ಮನೆ. ಬೆಳಿಗ್ಗೆ ಸೊಪ್ಪಿನ ಅಜ್ಜಿ, ಆಮೇಲೆ ಹೂವಿನವಳು, ಹತ್ತು ಗಂಟೆಯ ಮೇಲೆ ಗ್ಯಾಸ್ ಸ್ಟವ್ ರಿಪೇರಿಯವನು, ಸಾಣೆ ಹಿಡಿಯುವವನು, ಕೂದಲು ತಗೊಂಡು ಪಾತ್ರೆ ಕೊಡುವವಳು. ಚಳಿ ಶುರುವಾದರೆ ಅವರೆಕಾಯಿ ಗಾಡಿ, ಶಿರಾ ಕಡೆಯ ಕಂಬಳಿ. ಸಂಕ್ರಾಂತಿಯ ಹೊತ್ತಿಗೆ ಕೋಲೆ ಬಸವ. ಇವರಲ್ಲಿ ಯಾರ ಹೆಸರೂ ನಮಗೆ ಗೊತ್ತಿಲ್ಲ. ಕೂಗಿನ ಮೇಲೇ ಗುರುತು.

ಬೆಡ್‌ಶೀಟ್ ಮಾರುವವನೂ ಹಾಗೇ. ರಾಜಸ್ಥಾನದವನು. ಹಳೇ ಬೈಕಿನ ಹಿಂದೆ ಅವನಿಗಿಂತ ಎತ್ತರದ ಗಂಟು. ಕನ್ನಡ ಅರ್ಧಂಬರ್ಧ, ಆದರೆ ‘ಕಂತು’ ಅನ್ನುವ ಪದ ಮಾತ್ರ ಸ್ಪಷ್ಟ. ಇವತ್ತು ಮುನ್ನೂರು ಕೊಡಿ, ಉಳಿದದ್ದು ತಿಂಗಳು ತಿಂಗಳು ಕೊಡಿ ಅಂತಾನೆ. ನಮ್ಮ ಕ್ರಾಸಿನಲ್ಲಿ ಅವನ ಬೆಡ್‌ಶೀಟ್ ಇಲ್ಲದ ಮನೆ ಕಡಿಮೆ. ನಾನೂ ಒಂದು ಜಮಖಾನ ತಗೊಂಡಿದ್ದೆ. ಮೊದಲ ಒಗೆತಕ್ಕೆ ಬಣ್ಣ ಬಿಟ್ಟಿತು, ಅದು ಬೇರೆ ಮಾತು.

ಪೋಲಿಯೋ ಭಾನುವಾರ ಮುಗಿದ ವಾರದ ಒಂದು ಬೆಳಿಗ್ಗೆ ಕ್ರಾಸಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಯಾರದ್ದೋ ಗೇಟಿನ ಪಕ್ಕದ ಗೋಡೆ. ಸೀಮೆಸುಣ್ಣದಲ್ಲಿ ಒಂದು ಎಕ್ಸ್, ಕೆಳಗೆ ಏನೋ ಅಂಕಿ, ಪಕ್ಕದಲ್ಲಿ ಬಾಣದ ಗುರುತು. ‘ಇದು ನಮ್ಮ ಮನೆ ಮುಂದೆ. ಯಾರು ಬರೆದಿದ್ದು?’ ಕಾಫಿ ಆರುವ ಮೊದಲೇ ಇನ್ನೊಬ್ಬರು ಒಂದು ಪಟ್ಟಿ ಹಾಕಿದರು. ಕಳ್ಳರ ಸಂಕೇತಗಳಂತೆ. ಎಕ್ಸ್ ಅಂದ್ರೆ ಸುಲಭದ ಮನೆ. ತ್ರಿಕೋನ ಅಂದ್ರೆ ಹೆಂಗಸು ಒಬ್ಬಳೇ. ವೃತ್ತ ಅಂದ್ರೆ ಏನೂ ಸಿಗಲ್ಲ. ಕೆಳಗೆ ‘ಪೊಲೀಸ್ ಇಲಾಖೆಯ ಎಚ್ಚರಿಕೆ’ ಅಂತ ಒಂದು ಸಾಲು, ಅದರಲ್ಲಿ ಎರಡು ಕಾಗುಣಿತದ ತಪ್ಪು. ಇಂಥ ಪಟ್ಟಿ ಹಿಂದೆ ಇಂಗ್ಲೆಂಡಿನಲ್ಲೂ ಓಡಾಡಿ ಜನರನ್ನು ಹೆದರಿಸಿತ್ತು. ಅಲ್ಲಿ ಎಷ್ಟೋ ಗುರುತುಗಳು ಕೇಬಲ್, ನೀರಿನ ಪೈಪಿನ ಕೆಲಸದವರು ಹಾಕಿಕೊಂಡವು.

ಎಲ್ಲರೂ ಹೊರಗೆ ಬಂದು ಸ್ವಂತ ಗೇಟನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ನೋಡಿದರೆ ಏನುಂಟು ಏನಿಲ್ಲ! ರಸ್ತೆ ಅಳತೆಯವರ ಕೆಂಪು ಪೇಂಟು. ಲಾರ್ವಾ ಸಮೀಕ್ಷೆಗೆ ಬಂದವರು ಬರೆದ ತಾರೀಖು. 2025ರಲ್ಲಿ ಜಾತಿ ಸಮೀಕ್ಷೆಗೆ ಮುಂಚೆ ಕರೆಂಟ್ ಮೀಟರ್ ರೀಡರ್‌ಗಳು ಅಂಟಿಸಿ ಹೋದ ಸ್ಟಿಕ್ಕರ್. ಆ ಸ್ಟಿಕ್ಕರ್ ನೋಡಿದಾಗಲೂ ಕೆಲವರು ‘ಇದ್ಯಾಕೆ ನಮ್ಮ ಮನೆಗೆ?’ ಅಂತ ಉಗುರಲ್ಲಿ ಕೆರೆದು ತೆಗೆದಿದ್ದರು. ನಮ್ಮ ಗೋಡೆಯ ಮೇಲೆ ನಮಗಿಂತ ಜಾಸ್ತಿ ಬೇರೆಯವರೇ ಬರೆದಿದ್ದಾರೆ.

ನಾವೇ ಬರೆದುಕೊಂಡ ಕಾಲವೂ ಇತ್ತು. ತೊಂಬತ್ತರ ದಶಕದ ‘ನಾಳೆ ಬಾ’ ನೆನಪಿದೆಯಾ? ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಅಂತ ಸುದ್ದಿ. ಅದಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ದೆವ್ವ ಓದಿಕೊಂಡು ವಾಪಸ್ ಹೋಗುತ್ತಿತ್ತು. ಮರುದಿನ ಬಂದರೆ ಮತ್ತೆ ಅದೇ ಬರಹ. ಗುಬ್ಬಿ ಹತ್ತಿರದ ನಮ್ಮಜ್ಜಿ ಮನೆ ಬಾಗಿಲಿಗೆ ನಾನೇ ಬರೆದುಕೊಟ್ಟಿದ್ದೆ. ‘ದುಂಡಗೆ ಬರಿಯೇ, ಅದಕ್ಕೆ ಓದಕ್ಕೆ ಬರ್ಬೇಕಲ್ಲ’ ಅಂದಿದ್ದಳು ಅಜ್ಜಿ.

ಈ ಸಲ ಬರೆದದ್ದನ್ನು ಅಳಿಸುವ ಸರದಿ. ಒಬ್ಬರು ಬಕೆಟ್ ತಂದರು, ಇನ್ನೊಬ್ಬರು ಹಳೇ ಬನಿಯನ್ ತಂದರು. ಅರ್ಧ ಗಂಟೆಯಲ್ಲಿ ಇಡೀ ಕ್ರಾಸಿನ ಗೋಡೆಗಳು ಫಳಫಳ. ಸೀಮೆಸುಣ್ಣದ್ದು ಏನಿದ್ದರೂ ಹೋಯಿತು.

ಸರಿಯಾಗಿ ಅದೇ ಹೊತ್ತಿಗೆ ಬೆಡ್‌ಶೀಟಿನವನು ಬಂದ.

ಅವನನ್ನು ಮೊದಲು ನಿಲ್ಲಿಸಿದವರು ಬಿಳಿ ಕಾರಿನ ಮನೆಯವರು. ‘ಏಯ್, ಗಾಡಿ ನಿಲ್ಸು. ಎಲ್ಲಿಯವನು? ಆಧಾರ್ ಕಾರ್ಡ್ ತೋರ್ಸು.’ ಅವನು ನಗುತ್ತಲೇ ಇಳಿದ. ದಿನವೂ ನೋಡುವ ಮುಖಗಳು, ತಮಾಷೆ ಅಂದುಕೊಂಡಿರಬೇಕು. ಗಂಟು ಬಿಚ್ಚು ಅಂದರು. ಹಗ್ಗದ ಗಂಟು ಬಿಗಿದಿತ್ತು, ಹಲ್ಲಿನಲ್ಲಿ ಕಚ್ಚಿ ಸಡಿಲ ಮಾಡಿದ. ಒಂದೊಂದೇ ಬೆಡ್‌ಶೀಟನ್ನು ಕೊಡವಿ ಸಿಮೆಂಟ್ ಕಟ್ಟೆಯ ಮೇಲೆ ಇಟ್ಟ, ಮಡಿಕೆ ಕೆಡದ ಹಾಗೆ. ಅಷ್ಟರಲ್ಲಿ ಯಾರೋ ಅವನ ಜೇಬಿನಿಂದ ಒಂದು ನೋಟ್‌ಬುಕ್ ಎಳೆದರು. ಆಗ ಅವನ ನಗು ಹೋಯಿತು. ‘ಅದು ಬೇಡ ಅಣ್ಣಾ, ಲೆಕ್ಕ, ಲೆಕ್ಕ’ ಅಂತ ಕೈ ಚಾಚಿದ. ಬೆಡ್‌ಶೀಟ್ ಕೇಳಿದಾಗ ಕೊಟ್ಟವನು ಪುಸ್ತಕಕ್ಕೆ ಯಾಕೆ ಹೆದರುತ್ತಾನೆ? ಗುಂಪಿಗೆ ಅಷ್ಟು ಸಾಕಾಯಿತು. ಪಕ್ಕದ ಕ್ರಾಸಿನ ಹುಡುಗರೂ ಬಂದು ಸೇರಿಕೊಂಡರು. ಅವರಿಗೆ ಇವನ ಮುಖ ಪರಿಚಯವೂ ಇಲ್ಲ.

ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅಂದುಕೊಂಡು ಜನ ಹೊಡೆದು ಸಾಯಿಸಿದ್ದು ಇಂಥದ್ದೇ ಒಬ್ಬ ರಾಜಸ್ಥಾನದ ಹುಡುಗನನ್ನು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಅವನ ಜೊತೆಯವರು ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು. ಆ ತಿಂಗಳೇ ವಾಟ್ಸಾಪ್ ನಮ್ಮ ದೇಶದಲ್ಲಿ ಫಾರ್ವರ್ಡ್ ಅನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಅಂತ ಮಿತಿ ಹಾಕಿತು. ಐದು ಅಂದ್ರೆ ಕಡಿಮೆಯಾ ಹೇಳಿ? ಒಂದು ಕ್ರಾಸಿಗೆ ಒಂದೇ ಸಾಕು.

ಸುಮ್ನೆ ವಾದ ಮಾಡುವ ಹೊತ್ತಲ್ಲ ಅನ್ನಿಸಿ 112ಕ್ಕೆ ಫೋನ್ ಮಾಡಿದೆ. ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ವಿಳಾಸ ಹೇಳಿದೆ. ಪೊಲೀಸರು ಬರ್ತಾರೆ ಅಂದ ಕೂಡಲೇ ಪಕ್ಕದ ಕ್ರಾಸಿನ ಹುಡುಗರು ಎರಡು ಹೆಜ್ಜೆ ಹಿಂದೆ ಸರಿದರು. ಬೆಡ್‌ಶೀಟಿನವನ ಮುಖದಲ್ಲೂ ಭಯ. ಅವನ ಲೆಕ್ಕದಲ್ಲಿ ಪೊಲೀಸರೂ ಅವನ ಕಡೆಯವರಲ್ಲ. ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಊರೂರು ಅಲೆಯುವ ಎಷ್ಟೋ ಜಾತಿಗಳನ್ನು ಹುಟ್ಟು ಕಳ್ಳರು ಅಂತ ಪಟ್ಟಿ ಮಾಡಿದ್ದರು. ಆ ಕಾನೂನು 1952ರಲ್ಲಿ ಹೋಯಿತು. ಗಂಟು ಹೊತ್ತವನನ್ನು ನೋಡುವ ನಮ್ಮ ಕಣ್ಣು ಅಷ್ಟು ಬೇಗ ಹೋಗಲಿಲ್ಲ.

ನೋಟ್‌ಬುಕ್ ಹಿಂದಿಯಲ್ಲಿತ್ತು. ಮೂಲೆ ಮನೆಯ ರಿಟೈರ್ಡ್ ಹಿಂದಿ ಮೇಷ್ಟ್ರನ್ನು ಕರೆದರು. ಅವರು ಕನ್ನಡಕ ಒರೆಸಿಕೊಂಡು, ಪಾಠ ಓದುವ ಹಾಗೆ ಓದಲು ಶುರು ಮಾಡಿದರು.

‘ಹಸಿರು ಗೇಟು, ಮುನ್ನೂರು. ತೆಂಗಿನ ಮರ, ಅಜ್ಜಿ, ಇನ್ನೂರು. ನಾಯಿ ಮನೆ, ಮುಗಿದಿದೆ. ಎರಡು ಮಹಡಿ, ಬೀಗ.’

‘ನೋಡಿ ಸಾರ್, ಬೀಗ ಅಂತ ಬರ್ಕೊಂಡಿದ್ದಾನೆ!’ ಅಂತ ಒಬ್ಬರು ಎಗರಿದರು.

‘ದುಡ್ಡು ಕೇಳೋಕೆ ಬಂದಾಗ ನೀವು ಮನೇಲಿ ಇರ್ಲಿಲ್ಲ ಕಣ್ರೀ. ಪಕ್ಕದಲ್ಲೇ ನೂರೈವತ್ತು ಬಾಕಿ ಅಂತಿದೆ’ ಅಂದರು ಮೇಷ್ಟ್ರು. ಮುಂದಿನ ಸಾಲಿಗೆ ಬೆರಳಿಟ್ಟರು. ‘ಬಿಳಿ ಕಾರು, ಏಳುನೂರು. ನಾಳೆ. ನಾಳೆ. ನಾಳೆ.’

ನಗಬಾರದ ಹೊತ್ತು, ಆದರೂ ನನಗೆ ತಡೆಯಲಾಗಲಿಲ್ಲ. ಬಿಳಿ ಕಾರಿನ ಮನೆಯ ಯಜಮಾನರು ಮೊಬೈಲ್ ತೆಗೆದು ಏನೋ ಮುಖ್ಯವಾದದ್ದನ್ನು ನೋಡತೊಡಗಿದರು. ಅವರ ಹೆಂಡತಿ ಕಾಂಪೌಂಡ್ ಒಳಗಿಂದಲೇ, ‘ಏಳುನೂರು ಅಲ್ಲ, ಐನೂರು. ಯುಗಾದಿಗೆ ಇನ್ನೂರು ಕೊಟ್ಟಿಲ್ವಾ?’ ಅಂತ ಕೂಗಿದರು. ಅಲ್ಲಿಗೆ ಅವನು ಕಳ್ಳನಲ್ಲ ಅಂತ ತೀರ್ಮಾನವಾದ ಹಾಗೆ.

ಪೊಲೀಸರು ಇಬ್ಬರು ಬಂದರು. ಅವನ ಆಧಾರ್, ಗಾಡಿಯ ಕಾಗದ ನೋಡಿ ಸುಮ್ಮನಾದರು. ಅನುಮಾನ ಬಂದರೆ ನಮಗೆ ಫೋನ್ ಮಾಡಿ, ನೀವು ಜೇಬಿಗೆ ಕೈ ಹಾಕಬೇಡಿ ಅಂದರು. ವಯಸ್ಸಾದ ಪೊಲೀಸಿನವರು ಪಟ್ಟಿಯ ಫೋಟೋ ನೋಡಿ, ‘ಕಳ್ಳನಿಗೆ ಇಷ್ಟೆಲ್ಲಾ ಚಿತ್ರ ಬರೆಯೋ ಪುರುಸೊತ್ತು ಎಲ್ಲಿದೆ ಮೇಡಂ? ನಾಲ್ಕು ದಿನದ ಪೇಪರ್ ಗೇಟಿನ ಒಳಗೆ ಬಿದ್ದಿದ್ರೆ, ಮನೆ ಮುಂದೆ ರಂಗೋಲಿ ಇಲ್ದಿದ್ರೆ ಅವನಿಗೆ ಅಷ್ಟೇ ಸಾಕು’ ಅಂದರು. ಊರಿಗೆ ಹೋಗುವಾಗ ಸ್ಟೇಷನ್ನಿಗೆ ಒಂದು ಮಾತು ಹೇಳಿ ಹೋಗಿ ಅಂತಲೂ ಸೇರಿಸಿದರು.

ಅವರ ಮಾತು ನಿಜ. ನಮ್ಮ ದೊಡ್ಡಮ್ಮನ ಮನೆಗೆ ಬಂದ ಕಳ್ಳರು ಗೋಡೆಯ ಮೇಲೆ ಏನೂ ಬರೆದಿರಲಿಲ್ಲ. ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಕಂಪನಿಯ ಕಾರ್ಡು. ಪಾಲಿಶ್ ಪುಡಿ ಪ್ರಚಾರಕ್ಕೆ ಬಂದಿದ್ದೀವಿ, ದುಡ್ಡು ಬೇಡಮ್ಮ ಅಂದರು. ಮೊದಲು ಹಿತ್ತಾಳೆ ದೀಪ ಉಜ್ಜಿ ಕೊಟ್ಟರು. ಹೊಸದರ ಹಾಗಾಯಿತು. ಆಮೇಲೆ ಬೆಳ್ಳಿ ಕುಂಕುಮದ ಭರಣಿ. ಆಮೇಲೆ ದೊಡ್ಡಮ್ಮ ತಾವಾಗಿಯೇ ಕೈಯ ಬಳೆ ಬಿಚ್ಚಿಕೊಟ್ಟರು. ಅದನ್ನು ಒಂದು ಬಟ್ಟಲಿನ ನೀರಿನಲ್ಲಿ ಅದ್ದಿದರು. ಅದು ನೀರಲ್ಲ, ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ದ್ರವ. ಒಂದೊಂದೇ ಆದರೆ ಚಿನ್ನಕ್ಕೆ ಏನೂ ಆಗಲ್ಲ, ಎರಡೂ ಸೇರಿದರೆ ಚಿನ್ನ ಕರಗುತ್ತದೆ. ಬಳೆ ವಾಪಸ್ ಬಂತು, ಹೊಳೆಯುತ್ತಲೂ ಇತ್ತು. ಕರಗಿದ ಚಿನ್ನ ಬಟ್ಟಲಿನ ಜೊತೆ ಹೋಯಿತು. ಅಕ್ಕಸಾಲಿಗರ ತಕ್ಕಡಿಗೆ ಹಾಕಿದಾಗಲೇ ಗೊತ್ತಾಗಿದ್ದು. ‘ಎಷ್ಟು ಮರ್ಯಾದೆಯಿಂದ ಅಮ್ಮಾ ಅಂತಿದ್ರು’ ಅಂತ ದೊಡ್ಡಮ್ಮ ಈಗಲೂ ಹೇಳುತ್ತಾರೆ. ಆ ಇಬ್ಬರನ್ನು ಯಾರೂ ಗೇಟಿನಲ್ಲಿ ತಡೆದು ಆಧಾರ್ ಕೇಳಿರಲಿಲ್ಲ.

ಬೆಡ್‌ಶೀಟಿನವನು ಗಂಟು ಕಟ್ಟುವಾಗ ಯಾರೂ ಕ್ಷಮಿಸಪ್ಪಾ ಅನ್ನಲಿಲ್ಲ. ತೆಂಗಿನ ಮರದ ಮನೆ ಅಜ್ಜಿ ಮಾತ್ರ ಒಂದು ಲೋಟ ಮಜ್ಜಿಗೆ ತಂದುಕೊಟ್ಟು, ಇನ್ನೂರರಲ್ಲಿ ನೂರು ಕೊಟ್ಟರು. ಬಿಳಿ ಕಾರಿನವರು ಫೋನ್‌ಪೇ ಮಾಡಿದರು. ಎಷ್ಟು ಅಂತ ನನಗೆ ಕಾಣಿಸಲಿಲ್ಲ.

ಸಂಜೆ ಆಶಾ ಕಾರ್ಯಕರ್ತೆ ಬಂದಳು, ಕೈಯಲ್ಲಿ ಲಸಿಕೆಯ ಡಬ್ಬಿ. ಗೋಡೆಗಳನ್ನು ನೋಡಿ ಗರ ಬಡಿದವಳ ಹಾಗೆ ನಿಂತಳು. ‘ಯಾರ್ರೀ ಇದನ್ನೆಲ್ಲ ಅಳಿಸಿದ್ದು?’ ಐದು ವರ್ಷದೊಳಗಿನ ಮಕ್ಕಳಿಗೆಲ್ಲ ಪೋಲಿಯೋ ಹನಿ ಆಗಿದ್ದ ಮನೆಗೆ ಪಿ. ಮಗು ತಪ್ಪಿಹೋಗಿದ್ದರೆ, ಬೀಗ ಹಾಕಿದ್ದರೆ ಎಕ್ಸ್. ಬಾಣ ಅವರ ತಂಡ ಯಾವ ಕಡೆ ಹೋಯಿತು ಅನ್ನುವುದಕ್ಕೆ. ಎಕ್ಸ್ ಮನೆಗಳಿಗೆ ಮತ್ತೆ ಬರಬೇಕು, ಅದಕ್ಕೇ ಗುರುತು. ‘ಎರಡು ದಿನ ಬಿಸಿಲಲ್ಲಿ ಸುತ್ತಿ ಬರ್ದಿದ್ದೆ. ಈಗ ಯಾವ ಮನೆ ಪಿ, ಯಾವ ಮನೆ ಎಕ್ಸ್ ಅಂತ ಯಾರನ್ನ ಕೇಳ್ಲಿ?’

ಗುಂಪಿನಲ್ಲಿ ಇದನ್ನು ಹಾಕಿದೆ. ‘ಓಕೆ, ಆದ್ರೂ ಹುಷಾರಾಗಿರೋದು ಒಳ್ಳೇದು’ ಅಂತ ಉತ್ತರ ಬಂತು, ಕೈಮುಗಿಯುವ ಚಿತ್ರದ ಜೊತೆ.

ಅವಳು ಮೊದಲ ಮನೆಯಿಂದ ಮತ್ತೆ ಶುರು ಮಾಡಿದಳು. ಎದುರು ಮನೆಯ ಮೊಮ್ಮಗು ಪಾವಗಡದ ಅಜ್ಜಿ ಮನೆಗೆ ಹೋಗಿತ್ತು. ಆಶಾ ಸೀಮೆಸುಣ್ಣ ತೆಗೆದದ್ದೇ ತಡ, ಆ ಮನೆಯಾಕೆ ಗೋಡೆಗೆ ಅಡ್ಡ ನಿಂತರು.

‘ಎಕ್ಸ್ ಬೇಡ ಕಣಮ್ಮ. ಈಗಷ್ಟೇ ಒರ್ಸಿದ್ದೀವಿ. ಪಿ ಅಂತಲೇ ಹಾಕು.’

‘ಪಿ ಹಾಕ್ಬೇಕು ಅಂದ್ರೆ ಮಗು ತೋರ್ಸಿ ಆಂಟಿ.’

ಕೊನೆಗೆ ಮೀಟರ್ ಬಾಕ್ಸಿನ ಹಿಂದೆ, ರಸ್ತೆಗೆ ಕಾಣದ ಜಾಗದಲ್ಲಿ, ಸಣ್ಣದಾಗಿ ಒಂದು ಎಕ್ಸ್ ಹಾಕಲು ಇಬ್ಬರೂ ಒಪ್ಪಿದರು.